ಒಬ್ಬಳೇ ಹೊರಟಾಗ: ಡಾರ್ಮ್ ಮಂಚವಾ, ಸಿಂಗಲ್ ರೂಮಾ?

ಒಬ್ಬಳೇ ಕಡಿಮೆ ದುಡ್ಡಲ್ಲಿ ಸುತ್ತುವಾಗ ಮೊದಲು ತಲೆ ತಿನ್ನುವುದು ರಾತ್ರಿ ಎಲ್ಲಿ ಮಲಗುವುದು ಅನ್ನೋದೇ, ಅಲ್ವಾ? ಇಪ್ಪತ್ತರ ವಯಸ್ಸಿನಿಂದ ಕೂದಲು ನರೆಯುವ ತನಕ ನಾನು ಎರಡರಲ್ಲೂ ಮಲಗಿ ನೋಡಿದ್ದೇನೆ.

ಪ್ರವಾಸಿಗರ ಹಾಸ್ಟೆಲ್‌ನ ಡಾರ್ಮ್, ಅಂದರೆ ಹಲವರು ಒಟ್ಟಿಗೆ ಮಲಗುವ ಕೋಣೆ, ಅಗ್ಗ; ಯಾಕಂದರೆ ದುಡ್ಡು ಕೊಡುವುದು ಒಂದು ಮಂಚಕ್ಕೆ ಮಾತ್ರ. ಎಷ್ಟೋ ಕಡೆ ಹೆಂಗಸರಿಗೇ ಅಂತ ಬೇರೆ ಡಾರ್ಮ್ ಇರುತ್ತದೆ; ಸ್ವಲ್ಪ ಜಾಸ್ತಿ ಕೇಳಿದರೂ ಅದನ್ನೇ ಹಿಡಿಯಿರಿ. 12 ಮಂಚದ್ದಕ್ಕಿಂತ 4 ಅಥವಾ 6ರದ್ದು ವಾಸಿ. ಸಾಮಾನು ಇಡುವ ಲಾಕರಿಗೆ ಬೀಗ ನಿಮ್ಮದೇ ಇರಲಿ. ನಿದ್ದೆ ಮಾತ್ರ ಅದೃಷ್ಟ: ಬೆಳಗಿನ ಜಾವ ಯಾರೋ ಪ್ಲಾಸ್ಟಿಕ್ ಕವರ್ ಪರಪರ ಅನ್ನಿಸುತ್ತಾ ಬ್ಯಾಗ್ ತುಂಬುತ್ತಿರುತ್ತಾರೆ. ಆದರೆ ಮರುದಿನ ಜೊತೆಗೆ ಸುತ್ತಲು ಒಬ್ಬಳಾದರೂ ಸಿಗುತ್ತಾಳೆ, ಕತ್ತಲಾದ ಮೇಲೆ ಯಾವ ಬೀದಿ ಬೇಡ ಅಂತಲೂ ಅವಳೇ ಹೇಳುತ್ತಾಳೆ.

ಸಿಂಗಲ್ ರೂಮಲ್ಲಿ ಬಟ್ಟೆ ಒಗೆದು ಹರವಬಹುದು, ಸುಮ್ನೆ ಬಿದ್ದುಕೊಳ್ಳಬಹುದು. ತೀರಾ ಅಗ್ಗದ ರೂಮಿನ ಚಿಲಕವನ್ನು ಮಾತ್ರ ನಂಬಬೇಡಿ. ಒಮ್ಮೆ ಅದರ ಸ್ಕ್ರೂ ನನ್ನ ಕೈಗೇ ಬಂತು. ರಾತ್ರಿಯಿಡೀ ಬಾಗಿಲಿಗೆ ಕುರ್ಚಿ, ಕುರ್ಚಿಯ ಮೇಲೆ ಬ್ಯಾಗು. ಅಂದಿನಿಂದ ಒಂದು ರಬ್ಬರ್ ಬೆಣೆ ಜೊತೆಗಿರುತ್ತದೆ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಕೆಳಗೆ ತುರುಕಿದರಾಯಿತು.

ಮೊದಲ ಸಲ ಹೊರಟವರಿಗೆ ನಾನು ಡಾರ್ಮ್ ಅಂತೀನಿ. ಮೈ ಹುಷಾರಿಲ್ಲದಿದ್ದರೆ, ಇಲ್ಲ ಮೂರ್ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದರೆ ರೂಮು ಹಿಡಿಯಿರಿ. ನಾನು ಈಗಲೂ ಡಾರ್ಮೇ, ಕೆಳಗಿನ ಮಂಚ ಸಿಕ್ಕರೆ ಮಾತ್ರ. ಏಣಿ ಹತ್ತಲು ಮಂಡಿ ಒಪ್ಪುವುದಿಲ್ಲ.