ಮ್ಯಾಪ್ ಹೇಳಿದ ಹೊತ್ತು, ಗಾಡಿ ಮುಟ್ಟಿದ ಹೊತ್ತು: ಹದಿನಾಲ್ಕು ತಿಂಗಳ ಖಾತೆ

ನಾನು ಕೊಪ್ಪಳದವನು. ಅಂಗಡಿ, ಗಿರಣಿಗಳ ಲೆಕ್ಕ ಬರೆಯುವುದು ಕಸುಬು. ವಾರಕ್ಕೆ ಎರಡು ಸಲ ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಿಗೆ, ತಿಂಗಳಿಗೊಮ್ಮೆ ಕಾರಟಗಿ, ಸಿಂಧನೂರಿನ ರೈಸ್ ಮಿಲ್‌ಗಳಿಗೆ, ಅಪರೂಪಕ್ಕೆ ರಾಯಚೂರು, ಹುಬ್ಬಳ್ಳಿಗೆ ಸ್ವಂತ ಕಾರಿನಲ್ಲೇ ಓಡಾಟ. ಫೋನಿನಲ್ಲಿ ಮ್ಯಾಪ್ ಹಚ್ಚದೆ ಗಾಡಿ ಚಾಲೂ ಮಾಡುವುದಿಲ್ಲ. ದಾರಿ ಗೊತ್ತಿಲ್ಲ ಅಂತಲ್ಲ, ಎಷ್ಟೊತ್ತಿಗೆ ಬರ್ತೀನಿ ಅಂತ ಪಾರ್ಟಿಗೆ ಹೇಳಬೇಕಲ್ಲ, ಅದಕ್ಕೆ. ಆ್ಯಪ್‌ನ ಹೆಸರು ಬೇಡ. ಓದುವವರ ಫೋನಿನಲ್ಲೂ ಬಹುಶಃ ಅದೇ ಇರುತ್ತದೆ.

ಹೋದ ವರ್ಷದ ಒಂದು ದಿನ ಆ್ಯಪ್ ನಂಬಿ ಬಳ್ಳಾರಿಯ ಮಾಲೀಕರೊಬ್ಬರಿಗೆ ಹತ್ತೂವರೆ ಅಂದಿದ್ದೆ. ಮುಟ್ಟಿದ್ದು ಹನ್ನೊಂದೂಕಾಲಿಗೆ. ಅವರು ಗಡಿಯಾರ ನೋಡಲಿಲ್ಲ, ನನ್ನ ಬ್ಯಾಗಿನ ಕಡೆ ನೋಡಿ, "ನಮ್ಮ ಲೆಕ್ಕದಾಗೂ ಹಿಂಗೇ ಮಾಡ್ತೀರೇನ್ರಿ?" ಅಂದರು. ನಕ್ಕೇ ಅಂದಿದ್ದು, ಆದರೂ ಚುಚ್ಚಿತು. ವಾಪಸ್ ಬರುವಾಗ ಅರವತ್ತು ರೂಪಾಯಿ ಕೊಟ್ಟು ಕೆಂಪು ರಟ್ಟಿನ ಒಂದು ವಹಿ ತಂದೆ. ಆ್ಯಪ್ ಹೆಸರಿಗೆ ಖಾತೆ ತೆರೆದೆ.

ಕಾಲಂ ಮೂರೇ. ಹೊರಡುವಾಗ ಹೇಳಿದ ವೇಳೆ, ಹೊಸಪೇಟೆ ದಾಟುವಾಗ ಹೇಳಿದ ವೇಳೆ, ನಿಜಕ್ಕೂ ಮುಟ್ಟಿದ ವೇಳೆ. ಚಹಾಕ್ಕೆ ನಿಂತಿದ್ದು, ಡೀಸೆಲ್ ಹಾಕಿಸಿದ್ದು ಕಳೆದು ಬರೆಯಬೇಕು, ಇಲ್ಲದಿದ್ದರೆ ನಮ್ಮ ಸೋಮಾರಿತನದ ಖರ್ಚೂ ಅದರ ತಲೆಗೇ ಬೀಳುತ್ತದೆ. ಮೊದಲ ತಿಂಗಳು ನಾನು ಒಂದು ತಪ್ಪು ಮಾಡಿದೆ. ದಾರಿಯುದ್ದಕ್ಕೂ ಪರದೆ ನೋಡುತ್ತ, ಕೊನೆಗೆ ಕಂಡ ವೇಳೆಯನ್ನು ಮುಟ್ಟಿದ ವೇಳೆಗೆ ಹೋಲಿಸಿ "ಪರವಾಗಿಲ್ಲ, ಸರಿಯಾಗೇ ಹೇಳ್ತದೆ" ಅಂದುಕೊಂಡೆ. ಸರಿಯಾಗಿರದೆ ಇನ್ನೇನು? ಅದು ಹೆಜ್ಜೆಹೆಜ್ಜೆಗೂ ತಿದ್ದಿಕೊಳ್ಳುತ್ತದೆ. ಕುಡತಿನಿ ದಾಟಿದ ಮೇಲೆ ಬಳ್ಳಾರಿಗೆ ಎಷ್ಟೊತ್ತು ಅಂತ ದನ ಕಾಯುವ ಹುಡುಗನೂ ಹೇಳುತ್ತಾನೆ. ಪಾರ್ಟಿಗೆ ಮಾತು ಕೊಟ್ಟಿದ್ದು ಕೊಪ್ಪಳದಲ್ಲಿ, ಗಾಡಿ ಕೀಲಿ ತಿರುಗಿಸುವ ಮುಂಚೆ. ಹಾಗಾಗಿ ಜವಾಬು ಕೇಳಬೇಕಾದದ್ದು ಮೊದಲ ಕಾಲಮ್ಮಿಗೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಹುಬ್ಬಳ್ಳಿ ಕಡೆ ಈ ಆ್ಯಪ್ ಚಿನ್ನ. ನಾಲ್ಕು ಪಥದ ರಸ್ತೆ, ನಡುವೆ ಡಿವೈಡರ್, ಗದಗ ದಾಟಿದರೆ ಗಾಡಿ ಒಂದೇ ವೇಗದಲ್ಲಿ ಹೋಗುತ್ತದೆ. ಹೇಳಿದ್ದಕ್ಕೂ ಮುಟ್ಟಿದ್ದಕ್ಕೂ ಐದು ನಿಮಿಷದ ಮೇಲೆ ವ್ಯತ್ಯಾಸ ಬಂದದ್ದು ಒಂದೇ ಸಲ. ಅಲ್ಲಿ ತಾಳೆ ನೋಡಲು ನನ್ನ ಗಡಿಯಾರವೂ ಬೇಕಿಲ್ಲ, ಫಾಸ್ಟ್ಯಾಗ್ ಇದೆ. ಟೋಲ್‌ನಲ್ಲಿ ದುಡ್ಡು ಕಡಿತವಾದ ಮೆಸೇಜ್ ಹತ್ತು ನಿಮಿಷ ತಡವಾಗಿ ಬಂದರೂ, ಅದರೊಳಗೆ ಟ್ಯಾಗ್ ಓದಿದ ಗಂಟೆ, ನಿಮಿಷ, ಸೆಕೆಂಡು ಇರುತ್ತದೆ. ಎರಡು ಟೋಲ್‌ಗಳ ಮೆಸೇಜ್ ತೆಗೆದು ಒಂದರಲ್ಲಿ ಒಂದು ಕಳೆದರೆ ಮುಗಿಯಿತು. ಯಾರೂ ತಿದ್ದಲಾಗದ ವೋಚರ್.

ಇದೇನೂ ನನ್ನ ಹೊಸ ಉಪಾಯವಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ 1990ರ ದಶಕದಲ್ಲೇ ಫ್ರೀವೇ ಉದ್ದಕ್ಕೂ ಟೋಲ್ ಟ್ಯಾಗ್ ಓದುವ ಆಂಟೆನಾ ಕೂಡಿಸಿ, ಇಲ್ಲಿ ಓದಿದ ಟ್ಯಾಗ್ ಮುಂದಿನ ಕಡೆ ಸಿಗಲು ಎಷ್ಟು ಹೊತ್ತಾಯಿತು ಅನ್ನುವುದರಿಂದಲೇ ಪ್ರಯಾಣದ ವೇಳೆ ತೆಗೆಯುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ರಸ್ತೆಯೊಳಗೆ ತಂತಿಯ ಸುರುಳಿ ಹೂತಿದ್ದಾರೆ. ಮೇಲೆ ಎಷ್ಟು ಗಾಡಿ ಹೋದವು, ಎಷ್ಟು ಹೊತ್ತು ಆ ಜಾಗ ತುಂಬಿತ್ತು ಅಂತ ಅದು ಎಣಿಸುತ್ತದೆ. ಒಂದೇ ಸುರುಳಿ ಇದ್ದರೆ ವೇಗ ನೇರವಾಗಿ ಸಿಗುವುದಿಲ್ಲ, ಗಾಡಿಯ ಉದ್ದ ಇಷ್ಟಿರಬಹುದು ಅಂತ ಹಿಡಿದು ಲೆಕ್ಕ ಹಾಕಬೇಕು. ನಮ್ಮಲ್ಲಿ 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯ. ಟ್ಯಾಗ್ ಎಲ್ಲರ ಗಾಜಿನ ಮೇಲೂ ಇದೆ. ವೇಳೆಯನ್ನು ಮಾತ್ರ ಫೋನಿನ ಆ್ಯಪ್‌ನಿಂದಲೇ ಕೇಳುತ್ತೇವೆ. ಅದಕ್ಕೆ ಗೊತ್ತಿರುವುದು ದಾರಿಯಲ್ಲಿರುವ ಬೇರೆ ಫೋನುಗಳು ಎಷ್ಟು ವೇಗದಲ್ಲಿ ಸಾಗುತ್ತಿವೆ ಅನ್ನುವುದು, ಮತ್ತು ವಾರದ ಇದೇ ದಿನ, ಇದೇ ಹೊತ್ತಿಗೆ ಹಿಂದೆ ಹೇಗಿತ್ತು ಅನ್ನುವುದು.

ಬಳ್ಳಾರಿ ದಾರಿ ಬೇರೆಯದೇ ಕಥೆ. ಸುಮಾರು 95 ಕಿ.ಮೀ. ವಹಿಯಲ್ಲಿ ನೂರರ ಮೇಲೆ ನಮೂದುಗಳಿವೆ, ಹೇಳಿದ್ದಕ್ಕಿಂತ ಬೇಗ ಮುಟ್ಟಿದ್ದು ಒಂಬತ್ತು ಸಲ. ಮಿಕ್ಕಿದ್ದೆಲ್ಲ ತಡ. ತಪ್ಪು ಅಂದರೆ ಎರಡೂ ಕಡೆ ಆಗಬೇಕು, ಒಂದೇ ಕಡೆ ಆದರೆ ಲೆಕ್ಕದವರು ಅದಕ್ಕೆ ಬೇರೆ ಹೆಸರಿಡುತ್ತಾರೆ. ಸರಾಸರಿ ತೆಗೆದರೆ 12 ನಿಮಿಷ ತಡ, ಕೇಳಲು ಏನೂ ಅಲ್ಲ. ಆದರೆ ಆ 12ರೊಳಗೆ 3 ನಿಮಿಷದ ದಿನವೂ ಇದೆ, 55 ನಿಮಿಷದ ದಿನವೂ ಇದೆ. ತೋರಣಗಲ್ಲಿನ ವಿಮಾನ ಹಿಡಿಯುವವನಿಗೆ ಸರಾಸರಿ ಕಟ್ಟಿಕೊಂಡು ಏನಾಗಬೇಕು?

ಆ 55 ನಿಮಿಷದ ದಿನ ಚೆನ್ನಾಗಿ ನೆನಪಿದೆ. ಪಾಪಿನಾಯಕನಹಳ್ಳಿ ದಾಟಿ ಮುಂದೆ, ಡೈವರ್ಷನ್ ಮಾಡಿದ್ದ ಇಕ್ಕಟ್ಟಿನಲ್ಲಿ ಅದಿರಿನ ಲಾರಿಯೊಂದು ಪಾಟಾ ಮುರಿದುಕೊಂಡು ವಾಲಿತ್ತು. ಕೆಂಪು ಧೂಳು, ಹಿಂದೆ ಲಾರಿಗಳ ಸಾಲು. ಪರದೆಯಲ್ಲಿ ರಸ್ತೆ ಇನ್ನೂ ನೀಲಿ. ಇಂಜಿನ್ ಆಫ್ ಮಾಡಿ ಇಳಿದು ನಿಂತೆ. ಬೈಕಿನವರು ಮಾತ್ರ ಪಕ್ಕದ ಮಣ್ಣಿನಲ್ಲಿ ಒಬ್ಬರ ಹಿಂದೆ ಒಬ್ಬರು ನುಸುಳಿ ಹೋಗುತ್ತಿದ್ದರು. ಅವರ ಜೇಬಿನ ಫೋನುಗಳನ್ನು ನೋಡಿಯೇ ಆ್ಯಪ್ "ದಾರಿ ನಡೀತಿದೆ" ಅಂದುಕೊಂಡಿತು ಅನ್ನುವುದು ನನ್ನ ಅನುಮಾನ. ಆಮೇಲೆ ಕೆಂಪಾಯಿತು. ಆದರೆ ಎಷ್ಟು ತಡ ಅಂತ ಒಂದೇ ಸಲ ಹೇಳಲಿಲ್ಲ. ಮೊದಲು 6 ನಿಮಿಷ ಏರಿಸಿತು. ಅದು ಕಳೆಯಿತು, ಇನ್ನೊಂದು 7. ಬಾಕಿ ಕೇಳಲು ಹೋದಾಗ "ಸೋಮವಾರ ಕೊಡ್ತೀನ್ರಿ" ಅಂದು, ಸೋಮವಾರ ಹೋದರೆ "ಸಂತಿ ಮುಗೀಲಿ" ಅನ್ನುವ ಗಿರಾಕಿ ಇರುತ್ತಾನಲ್ಲ, ಥೇಟ್ ಹಾಗೆ. ಪೂರ್ತಿ ಇಲ್ಲ ಅಂದಿದ್ದರೆ ಹೊಸಪೇಟೆಗೆ ತಿರುಗಿ ಹೋಗಿ ಊಟವನ್ನಾದರೂ ಮಾಡುತ್ತಿದ್ದೆ.

ಅಷ್ಟಾದ ಮೇಲೆ ಬಳ್ಳಾರಿ ಹೊಸ್ತಿಲಲ್ಲಿ ಸುಧಾ ಕ್ರಾಸ್ ರೈಲ್ವೆ ಗೇಟು. ಗೂಡ್ಸ್ ಬರುವ ಹೊತ್ತಿಗೆ ಸರಿಯಾಗಿ ಸಿಕ್ಕರೆ ಮುಗಿಯಿತು. ಗೇಟ್ ಬಿದ್ದಿದೆ ಅಂತ ಆ್ಯಪ್‌ಗೆ ತಿಳಿಯುವುದು, ನಾಲ್ಕು ಗಾಡಿ ನಿಂತು ಬಿಸಿಲಿನಲ್ಲಿ ಬೆಂದ ಮೇಲೆ.

ಇನ್ನೊಂದು ತಪ್ಪು ನನಗೆ ತಿಳಿಯಲು ಅರ್ಧ ವರ್ಷ ಬೇಕಾಯಿತು. ಒಂದು ಹುಣ್ಣಿಮೆಯ ಹಿಂದಿನ ರಾತ್ರಿ ಬಳ್ಳಾರಿಯಲ್ಲೇ ಉಳಿದು, ಬೆಳಿಗ್ಗೆ ಏಳಕ್ಕೆ ಕೊಪ್ಪಳಕ್ಕೆ ಹೊರಟೆ. ಪರದೆ ಪೂರ್ತಿ ನೀಲಿ, ಹುಲಿಗಿ ಕ್ರಾಸ್ ಹತ್ತಿರವೂ ನೀಲಿ. ಸುಳ್ಳಲ್ಲ, ಏಳು ಗಂಟೆಗೆ ಅಲ್ಲಿ ದಾರಿ ಖಾಲಿಯೇ ಇತ್ತು. ನಾನು ಅಲ್ಲಿಗೆ ಬಂದದ್ದು ಎಂಟೂಮುಕ್ಕಾಲಿಗೆ. ಅಷ್ಟರಲ್ಲಿ ಹುಲಿಗೆಮ್ಮನ ಭಕ್ತರ ಟ್ರ್ಯಾಕ್ಟರ್, ಟಂಟಂ, ಬಾಡಿಗೆ ಜೀಪು ಎಲ್ಲ ಸೇರಿ ರಸ್ತೆ ಕಟ್ಟಿಹೋಗಿತ್ತು. ಅಂದರೆ ಈಗಿನ ರಸ್ತೆ ನೋಡಿ ಹೇಳಿದ ವೇಳೆ, ನಾನು ಆ ಜಾಗ ಮುಟ್ಟುವ ಹೊತ್ತಿಗೆ ಹಳಸಿರುತ್ತದೆ. ಗದ್ದಲ ಏರುವ ಹೊತ್ತಿನಲ್ಲಿ ಕಡಿಮೆ ಹೇಳುತ್ತದೆ, ಇಳಿಯುವ ಹೊತ್ತಿನಲ್ಲಿ ಜಾಸ್ತಿ. ಬೇಗ ಮುಟ್ಟಿದ ಆ ಒಂಬತ್ತು ನಮೂದು ತೆಗೆದು ನೋಡಿದೆ: ಏಳು ಸಂಜೆಯವು. ವಾರದ ಇದೇ ದಿನದ ಹಳೆಯ ಲೆಕ್ಕ ಅದರ ಹತ್ತಿರ ಇದೆಯಲ್ಲ ಅನ್ನಬಹುದು. ಮಂಗಳವಾರ, ಶುಕ್ರವಾರಕ್ಕೆ ಅದು ಕೊಂಚ ಕೆಲಸಕ್ಕೆ ಬರುತ್ತದೆ. ಹುಣ್ಣಿಮೆ ವಾರ ನೋಡಿ ಬರುವುದಿಲ್ಲ. ಗವಿಮಠದ ಜಾತ್ರೆಯೂ ಅಷ್ಟೆ, ಪಂಚಾಂಗ ಹಿಡಿದು ಬರುತ್ತದೆ. ನಮ್ಮ ಮನೆಯಾಕೆ ಗೋಡೆಯ ಕ್ಯಾಲೆಂಡರ್ ನೋಡಿ, "ನಾಳಿ ಹುಣ್ಣಿಮಿ ಐತ್ರಿ, ಆರಕ್ಕ ಬಿಡ್ರಿ" ಅನ್ನುತ್ತಾಳೆ. ಆ್ಯಪ್‌ಗೆ ಈ ಮಾತು ಹೇಳುವವರಿಲ್ಲ.

ಸಿಂಧನೂರು ದಾರಿ ಬಗ್ಗೆ ಹೆಚ್ಚೇನಿಲ್ಲ. ಸುಗ್ಗಿಯಲ್ಲಿ ಕಾರಟಗಿ ದಾಟಿದರೆ ಅರ್ಧ ರಸ್ತೆಯ ಮೇಲೆ ಭತ್ತ ಹರವಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಎದುರಿಂದ ಕಟಾವು ಮಷೀನ್ ಬಂದರೆ ನಾವೇ ಹಿಂದೆ ಸರಿಯಬೇಕು. ರಾತ್ರಿ ಫೋನುಗಳೇ ಕಡಿಮೆ, ಆಗ ಅದು ಹೇಳುವುದು ಬರೀ ಅಂದಾಜು.

ಈಗ ನಾನು ಬಳಸುವುದು ಹೀಗೆ. "ಈಗ ಹೊರಟರೆ" ಅನ್ನುವ ವೇಳೆಯನ್ನು ಪಾರ್ಟಿಗೆ ಹೇಳುವುದೇ ಇಲ್ಲ. ಹಿಂದಿನ ರಾತ್ರಿ, ನಾಳೆ ಇಷ್ಟೊತ್ತಿಗೆ ಹೊರಡುತ್ತೇನೆ ಅಂತ ಸಮಯ ಹಾಕಿ ನೋಡುತ್ತೇನೆ. ಆಗ ಅದು ಒಂದೇ ಅಂಕಿ ಕೊಡದೆ, 1 ಗಂಟೆ 50 ನಿಮಿಷದಿಂದ 2 ಗಂಟೆ 40 ನಿಮಿಷ ಅಂತ ಎರಡು ಅಂಚು ಕೊಡುತ್ತದೆ. ನಾನು ಹೇಳುವುದು ದೊಡ್ಡ ಅಂಕಿ. ಇದು ಶುರುವಾದ ಮೇಲೆ ಬಳ್ಳಾರಿಯಲ್ಲಿ ಮುಖ ತಗ್ಗಿಸಿದ್ದು ಎರಡೇ ಸಲ. ಇಷ್ಟು ಪ್ರಾಮಾಣಿಕವಾದ ಉತ್ತರ ಅದರ ಹತ್ತಿರವೇ ಇರುವಾಗ, ಗಾಡಿ ಹೊರಟ ಕೂಡಲೆ ಯಾಕೆ ಮುಚ್ಚಿಡುತ್ತದೋ ನನಗಂತೂ ಅರ್ಥವಾಗಿಲ್ಲ.

ಅಂಕ ಕೊಡಿ ಅಂದರೆ ಹುಬ್ಬಳ್ಳಿ ದಾರಿಗೆ ಐದಕ್ಕೆ ಐದು, ಬಳ್ಳಾರಿಗೆ ಮೂರು, ಸಿಂಧನೂರಿಗೆ ಎರಡು. ಮೂರೂ ಕೂಡಿಸಿ ಭಾಗಿಸಲು ನನಗೆ ಮನಸ್ಸಿಲ್ಲ. ಒಂದು ದೂರು ಉಳಿದಿದೆ. ಊರು ಮುಟ್ಟಿದ ಮೇಲೆ ಪ್ರಯಾಣ ಹೇಗಿತ್ತು ಅಂತ ಈ ಆ್ಯಪ್ ನನ್ನನ್ನು ಕೇಳುತ್ತದೆ. ಹೊರಡುವಾಗ ತಾನು ಏನು ಹೇಳಿದ್ದೆ ಅಂತ ಮಾತ್ರ ಈ ಹದಿನಾಲ್ಕು ತಿಂಗಳಲ್ಲಿ ಒಂದು ಸಲವೂ ತೋರಿಸಿಲ್ಲ. ಅದಕ್ಕೇ ವಹಿ ಇನ್ನೂ ಡ್ಯಾಶ್‌ಬೋರ್ಡಿನ ಮೇಲಿದೆ. ಹಾಳೆ ಮುಗಿಯುತ್ತ ಬಂದಿವೆ, ಇನ್ನೊಂದು ತರಬೇಕು.