ಥಾರ್‌ಗೆ ಗ್ಯಾಸ್: ಮಿಕ್ಸರ್, ಇಂಜೆಕ್ಷನ್, ಇಲ್ಲಾ ಬರೀ ಸರ್ವಿಸ್?

ನನ್ನದು 2014ರ ಮಹೀಂದ್ರಾ ಡೀಸೆಲ್ ಜೀಪು, ಥಾರ್ ಸಿಆರ್‌ಡಿಇ. 2498 ಸಿಸಿ, 105 ಎಚ್‌ಪಿ. ಹುಬ್ಬಳ್ಳಿ–ಧಾರವಾಡ ಓಡಾಟಕ್ಕೆ ಬೇಕಾದಷ್ಟಾಯಿತು. ಸಿಟ್ಟು ಬರುತ್ತಿದ್ದುದು ಅಂಕೋಲೆಯಿಂದ ವಾಪಸ್ ಬರುವಾಗ. ನಾಲ್ಕು ಜನ, ಹಿಂದೆ ಇಶಾಡು ಮಾವಿನ ಬುಟ್ಟಿಗಳು, ಮುಂದೆ ಅರಬೈಲ್ ಘಾಟಿ. ಮೂರನೇ ಗೇರಿನಲ್ಲಿ ಉಸಿರು ಕಟ್ಟಿ, ಹಿಂದೆ ಕರಿ ಹೊಗೆ ಬಿಡುತ್ತಿತ್ತು.

ಅದಕ್ಕೇ ಗ್ಯಾಸ್ (ಎಲ್‌ಪಿಜಿ) ಹಾಕಿಸುವ ಯೋಚನೆ ಬಂತು. ಡೀಸೆಲ್ ಗಾಡಿಗೆ ಗ್ಯಾಸ್ ಹಾಕಿಸುವುದು ಅಂದರೆ ಡೀಸೆಲ್ ಬಿಡುವುದಲ್ಲ. ಈ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿದ ಬಿಸಿಗೆ ಡೀಸೆಲ್ ಹೊತ್ತಿಕೊಳ್ಳುತ್ತೆ, ಎಲ್‌ಪಿಜಿ ಅಷ್ಟು ಸುಲಭಕ್ಕೆ ಹೊತ್ತುವುದಿಲ್ಲ. ಹಾಗಾಗಿ ಗಾಳಿಯ ಜೊತೆ ಸ್ವಲ್ಪ ಗ್ಯಾಸ್ ಕಳಿಸಿ, ಡೀಸೆಲ್‌ನಿಂದಲೇ ಅದಕ್ಕೆ ಬೆಂಕಿ ಹಚ್ಚಿಸುತ್ತಾರೆ. ಪಿಕಪ್ ಜಾಸ್ತಿ ಆಗಿ ಕಾಲು ತಾನಾಗಿ ಆಕ್ಸಿಲರೇಟರ್‌ನಿಂದ ಮೇಲೆ ಬರುತ್ತೆ. ಡೀಸೆಲ್ ಉಳಿಯುವುದು ಅಲ್ಲೇ.

ಮೊದಲು ನೋಡಿದ್ದು ಮಿಕ್ಸರ್. ಕಲಘಟಗಿ ಹತ್ತಿರ ಗೆಳೆಯನ ಹೊಲದಲ್ಲಿ, ಅವನ ಹಳೇ ಥಾರ್ ಡಿಐಗೆ ಹಾಕಿಸಿದ್ದ. ಗಾಳಿ ಪೈಪಿಗೆ ಒಂದು ಉಂಗುರ, ಗ್ಯಾಸ್ ಎಷ್ಟು ಬಿಡಬೇಕು ಅನ್ನೋದಕ್ಕೆ ಒಂದು ಸ್ಕ್ರೂ, ಅಷ್ಟೇ. ಅಗ್ಗದ್ದು. "ಹತ್ತಲೇ, ಹೆಂಗ್ ಜಗ್ಗತೈತಿ ನೋಡು" ಅಂದ. ಖಾಲಿ ಗಾಡಿ ನಿಜವಾಗಿಯೂ ಜಗ್ಗಿತು. ಟ್ರಾಲಿ ಕಟ್ಟಿ ಎರೆ ಮಣ್ಣಿನ ಏರಿ ಹತ್ತಿಸಿದಾಗ ಮಾತ್ರ ಬಾನೆಟ್ ಒಳಗೆ ಹರಳು ತುಂಬಿದ ಡಬ್ಬಿ ಅಲ್ಲಾಡಿಸಿದ ಹಾಗೆ ಸದ್ದು. ಗ್ಯಾಸ್ ಜಾಸ್ತಿ ಆಗಿ ನಾಕಿಂಗ್, ಅಂದರೆ ಎಂಜಿನ್ ಒಳಗೆ ಇಂಧನ ಒಮ್ಮೆಲೇ ಸಿಡಿದು ಬಡಿಯುವುದು, ಶುರುವಾಗಿತ್ತು. ಪೆಟ್ರೋಲ್ ಗಾಡಿಯಲ್ಲಿ ಥ್ರಾಟಲ್ (ಗಾಳಿ ಬಿಡುವ ಬಾಗಿಲು) ತೆರೆದಷ್ಟೂ ಪೈಪಿನಲ್ಲಿ ಗಾಳಿಯ ಹರಿವು ಹೆಚ್ಚುತ್ತೆ, ಆ ಎಳೆತಕ್ಕೆ ತಕ್ಕಂತೆ ಮಿಕ್ಸರ್ ಗ್ಯಾಸ್ ಬಿಡುತ್ತೆ. ಇಂಥ ಡೀಸೆಲ್‌ನಲ್ಲಿ ಗಾಳಿಯನ್ನು ಹಾಗೆ ತಡೆಯಲ್ಲ, ಎಳೆತ ಆಕ್ಸಿಲರೇಟರ್‌ಗೆ ತಕ್ಕಂತೆ ಬದಲಾಗಲ್ಲ. ಸ್ಕ್ರೂ ಎಲ್ಲಿಗೆ ತಿರುಗಿಸಿದರೂ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಮ್ಮಿ. ಮಿಕ್ಸರ್ ಬೇಡ ಅಂತ ಅಲ್ಲೇ ತೀರ್ಮಾನ ಮಾಡಿದೆ. (ಮನೆಯ 14.2 ಕೆಜಿ ಸಿಲಿಂಡರ್ ಇಟ್ಟು ಓಡಿಸುವವರೂ ಇದ್ದಾರೆ. ಕಾನೂನಿಗೆ ವಿರುದ್ಧ. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ಕಾಲ ಬುಡದಲ್ಲೇ ಕೂರುತ್ತೆ. ಅದರ ಮಾತೇ ಬೇಡ.)

ನನ್ನ ಗಾಡಿಗೆ ಇಂಜೆಕ್ಷನ್ ಕಿಟ್ ಹಾಕಿಸಿದೆ, 38,000 ರೂಪಾಯಿ. ಇದರಲ್ಲಿ ಸಣ್ಣ ಕಂಪ್ಯೂಟರ್ ಒಂದಿದೆ. ಆಕ್ಸಿಲರೇಟರ್ ಎಷ್ಟು ಒತ್ತಿದ್ದೇವೆ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಪ್ರೆಷರ್ ಎಷ್ಟಿದೆ ನೋಡಿ ಗ್ಯಾಸ್ ಬಿಡುತ್ತೆ. ಐಡ್ಲಿಂಗ್‌ನಲ್ಲಿ ಪೂರ್ತಿ ಬಂದ್. 30 ಲೀಟರ್ ಟ್ಯಾಂಕ್‌ಗೆ ಹಿಡಿಯುವುದು 24 ಲೀಟರ್ ಮಾತ್ರ, ಶೇ 80ಕ್ಕೆ ವಾಲ್ವ್ ನಿಲ್ಲಿಸಿಬಿಡುತ್ತೆ. ಅರಬೈಲ್‌ನಲ್ಲಿ ಅದೇ ಜನ, ಅದೇ ಭಾರ. ಮೂರನೇ ಗೇರು ಬಿಡಲೇ ಇಲ್ಲ, ನಾಕಿಂಗ್ ಸದ್ದೂ ಇಲ್ಲ. ಮೇಲೆ ಹತ್ತಿ ನಿಲ್ಲಿಸಿ, ಆರಿದ ಮೇಲೆ ಸೈಲೆನ್ಸರ್ ಬಾಯಿಗೆ ಬಿಳಿ ಬಟ್ಟೆ ಒರೆಸಿದೆ. ಮೊದಲು ಕಾಡಿಗೆಯಂತೆ ಬರುತ್ತಿದ್ದ ಮಸಿ ಈಗ ಬೂದು ಬಣ್ಣಕ್ಕೆ ಬಂದಿತ್ತು.

ಆವರೇಜ್ ನೋಡಿ ಇನ್ನೂ ಖುಷಿಯಾಯಿತು. ನೂರು ಕಿಲೋಮೀಟರಿಗೆ 9 ಲೀಟರ್ ಕುಡಿಯುತ್ತಿದ್ದ ಡೀಸೆಲ್ 6.8ಕ್ಕೆ ಇಳಿಯಿತು, ಜೊತೆಗೆ 2 ಲೀಟರ್ ಗ್ಯಾಸ್.

ಆಮೇಲೆ ಒಂದು ಸಲ ಗ್ಯಾಸ್ ಮುಗಿದೇ ಹೋಯಿತು. ಕಲಘಟಗಿ ದಾಟಿದ ಮೇಲೆ ದಾರಿಯಲ್ಲಿ ಗ್ಯಾಸ್ ಬಂಕ್ ನನ್ನ ಕಣ್ಣಿಗೆ ಬಿದ್ದಿಲ್ಲ. ಬರೀ ಡೀಸೆಲ್‌ನಲ್ಲೇ ಹೋಗಿ ಬಂದೆ. ಲೆಕ್ಕ ಹಾಕಿದರೆ ನೂರು ಕಿಲೋಮೀಟರಿಗೆ 8.2 ಲೀಟರ್, ಹಳೆಯ 9 ಅಲ್ಲ. ಇದೇನಪ್ಪಾ? ಆಗ ನೆನಪಾಯಿತು. ಕಿಟ್ ಹಾಕುವಾಗಲೇ 7,500 ರೂಪಾಯಿಗೆ ಡೀಸೆಲ್ ಚಿಮ್ಮಿಸುವ ನೋಜಲ್ ಸರ್ವಿಸ್ ಮಾಡಿಸಿ, ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್‌ಗೆ ಕಳಿಸುವ ವಾಲ್ವ್) ಮತ್ತು ಗಾಳಿ ಪೈಪಿನ ಮಸಿ ತೆಗೆಸಿ, ಏರ್ ಫಿಲ್ಟರ್ ಬದಲಿಸಿದ್ದೆ. ಅದೆಲ್ಲ ಗ್ಯಾಸ್‌ನ ಖಾತೆಗೆ ಜಮಾ ಆಗಿತ್ತು!

ಡೀಸೆಲ್ ಲೀಟರಿಗೆ 90, ಗ್ಯಾಸ್‌ಗೆ 60 ಅಂತ ಹಿಡಿಯಿರಿ. ಗ್ಯಾಸ್‌ನಿಂದ ನಿಜವಾಗಿ ಉಳಿದದ್ದು 1.4 ಲೀಟರ್ ಡೀಸೆಲ್, ಅಂದರೆ 126 ರೂಪಾಯಿ. ಗ್ಯಾಸ್‌ಗೆ ಕೊಟ್ಟದ್ದು 120. ನೂರು ಕಿಲೋಮೀಟರಿಗೆ ಲಾಭ ಆರು ರೂಪಾಯಿ! ಕಿಟ್ ದುಡ್ಡು ಮರಳಬೇಕಾದರೆ ಆರು ಲಕ್ಷ ಕಿಲೋಮೀಟರ್ ಮೀರಿ ಓಡಿಸಬೇಕು. ಸರ್ವಿಸ್‌ನಿಂದ ನೂರು ಕಿಲೋಮೀಟರಿಗೆ 72 ರೂಪಾಯಿ ಉಳಿಯಿತು. ಅದರ ದುಡ್ಡು ಸುಮಾರು ಹತ್ತೂವರೆ ಸಾವಿರ ಕಿಲೋಮೀಟರಿಗೆ ವಾಪಸ್.

ಘಾಟಿಯ ಪಿಕಪ್ ಒಂದೇ ನೋಡಿದರೆ ಇವತ್ತಿಗೂ ಇಂಜೆಕ್ಷನ್ನೇ ಮೇಲು. ಗ್ಯಾಸ್ ಇಲ್ಲದೆ ಘಾಟಿಯ ಕಡಿದಾದ ತಿರುವುಗಳಲ್ಲಿ ಎರಡನೇ ಗೇರಿಗೆ ಇಳಿಯಲೇಬೇಕು. ಆದರೂ ಬಿಚ್ಚಿಸಿದೆ, ಕಾಗದದ ಕಾಟಕ್ಕೆ. ಕಿಟ್ ನನ್ನ ಮಾಡೆಲ್‌ಗೆ ಒಪ್ಪಿಗೆ ಪಡೆದದ್ದಾಗಿರಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಇಲ್ಲದಿದ್ದರೆ ನಾಳೆ ಏನಾದರೂ ಆದಾಗ ಇನ್ಶುರೆನ್ಸ್‌ನವರು ಕೈ ಎತ್ತಬಹುದು. ಹಾಕಿದವರು "ಆಗತೈತ್ರೀ, ಮುಂದಿನ ವಾರ ಬರ್ರಿ" ಅನ್ನುತ್ತಾ ಮೂರು ತಿಂಗಳು ತಿರುಗಾಡಿಸಿದರು. ಕಾಗದ ಕೈಗೆ ತೆಗೆದುಕೊಂಡ ಮೇಲೆಯೇ ದುಡ್ಡು ಕೊಡಬೇಕಿತ್ತು, ತಪ್ಪು ನಂದೂ ಇದೆ.

ಟ್ಯಾಂಕ್ ಕೂತಿದ್ದ ಜಾಗದಲ್ಲಿ ನಾಲ್ಕು ಬೋಲ್ಟ್ ತೂತು ಉಳಿದಿವೆ. ರಬ್ಬರ್ ಬಿರಡೆ ಬಡಿದಿದ್ದೇನೆ. ಮಳೆಗಾಲದಲ್ಲಿ ಗೆಳೆಯನ ಹೊಲಕ್ಕೆ ಇಳಿದರೆ ಒಂದು ಬಿರಡೆ ಬಿಚ್ಚಿಕೊಂಡು ಕೆಸರು ಒಳಗೆ ಹಾರುತ್ತೆ.