ಸರಳ ಸಮೀಕರಣಕ್ಕೆ ಪಕ್ಷಾಂತರವಾ, ಎರಡೂ ಕಡೆ ಕಳೆಯೋದಾ?

ಕೋಲಾರದಲ್ಲಿ ನಮ್ಮ ಮನೆಗೆ ಸಂಜೆ ಹೊತ್ತು ಎಂಟನೇ ಕ್ಲಾಸಿನ ಮಕ್ಕಳು ಲೆಕ್ಕ ಹೇಳಿಸಿಕೊಳ್ಳೋಕೆ ಬರುತ್ತಾರೆ. ಒಂದು ಚರಾಕ್ಷರದ ಸಮೀಕರಣವನ್ನು ಈ ಸಲ ಬೇರೆಬೇರೆ ದಾರಿಯಲ್ಲಿ ಮಾಡಿಸಿ ನೋಡಿದೆ. ನನಗೆ ಅನಿಸಿದ್ದು ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಕಲಿಯುವವರಿಗೆ ಎರಡೂ ಕಡೆ ಒಂದೇ ಕೆಲಸ ಮಾಡುವ ಕ್ರಮವೇ ಸರಿ, ಪಕ್ಷಾಂತರ, ಅಂದರೆ ಪದವನ್ನು ಸಮ ಚಿಹ್ನೆಯ ಆಚೆ ಕಡೆ ಒಯ್ದು ಅದರ ಚಿಹ್ನೆ ಬದಲಿಸೋದು, ಆಮೇಲೆ ಬರಲಿ.

ಪಕ್ಷಾಂತರ ಬೇಗ ಮುಗಿಯುತ್ತೆ, ಅದರಲ್ಲಿ ಎರಡು ಮಾತಿಲ್ಲ. 5ಎಕ್ಸ್ − 7 = 2ಎಕ್ಸ್ + 11 ಇದೆ ಅಂದುಕೊಳ್ಳಿ. 2ಎಕ್ಸ್ ಈ ಕಡೆ, 7 ಆ ಕಡೆ, ಚಿಹ್ನೆ ಬದಲು. 3ಎಕ್ಸ್ = 18, ಎಕ್ಸ್ = 6. ತೊಂದರೆ ಇರೋದು ಆ ಕೊನೇ ಹೆಜ್ಜೆಯಲ್ಲಿ. "ಆ ಕಡೆ ಹೋದರೆ ಪ್ಲಸ್ಸು ಮೈನಸ್ ಆಗುತ್ತೆ" ಅಂತ ಬಾಯಿಪಾಠ ಮಾಡಿದ್ದ ಹುಡುಗನೊಬ್ಬ 18 − 3 ಅಂತ ಬರೆದು 15 ತಂದ. ಇನ್ನೊಬ್ಬಳು ಭಾಗಿಸಿದಳು, ಆದರೆ −3ರಿಂದ. "ಯಾಕಮ್ಮ ಮೈನಸ್?" ಅಂದೆ. "ಆ ಕಡೆ ಹೋಯ್ತಲ್ಲ ಅಕ್ಕ!" ಅಂದಳು. ಅವಳು ಕಲಿತ ಮಾತಿನ ಪ್ರಕಾರ ಅವಳು ಹೇಳಿದ್ದು ಸರಿಯೇ. 3 ಅಲ್ಲಿ ಕೂಡಿಸಿದ್ದಲ್ಲ, ಗುಣಿಸಿದ್ದು ಅನ್ನೋದು ಆ ಬಾಯಿಪಾಠದಲ್ಲಿ ಎಲ್ಲೂ ಇಲ್ಲ.

ಅದೇ ಲೆಕ್ಕವನ್ನು ಎರಡೂ ಕಡೆ 2ಎಕ್ಸ್ ಕಳೆದು, 7 ಕೂಡಿಸಿ, 3ರಿಂದ ಭಾಗಿಸಿ ಮಾಡಿಸಿದೆ. ಸಾಲು ಜಾಸ್ತಿ ಆಗುತ್ತೆ, ಮಕ್ಕಳು ಗೊಣಗುತ್ತಾರೆ. ಆದರೆ 15 ತಂದಿದ್ದ ಹುಡುಗನೇ, "3 ಕಳೆದರೆ ಎಡಗಡೆ 3ಎಕ್ಸ್ − 3 ಉಳಿಯುತ್ತೆ, ಬರೀ ಎಕ್ಸ್ ಸಿಗಲ್ಲ" ಅಂದ. ನನಗೆ ಅಷ್ಟು ಸಾಕಾಯಿತು. ಕೆಲವು ದಿನ ಹೀಗೆ ಬರೆದ ಮೇಲೆ ಮಧ್ಯದ ಸಾಲುಗಳನ್ನು ಅವರೇ ಬಿಡುತ್ತಾರೆ. ಆಗ ಅದು ತಾನಾಗಿಯೇ ಪಕ್ಷಾಂತರ ಆಗುತ್ತೆ, ಅಲ್ವಾ?

ಭಿನ್ನರಾಶಿ ಬಂದರೂ ಇದೇ ಕ್ರಮ. ಎರಡೂ ಕಡೆ ಛೇದಗಳ ಲ.ಸಾ.ಅ.ದಿಂದ (ಲಘುತಮ ಸಾಮಾನ್ಯ ಅಪವರ್ತ್ಯದಿಂದ) ಗುಣಿಸಿದರೆ ಆಯಿತು.

ಹಳೆಯ ದಾರಿಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಆರ್ಯಭಟನದು, ಕ್ರಿ.ಶ. 499ರ ಆರ್ಯಭಟೀಯದಲ್ಲಿದೆ. ಇಬ್ಬರ ಹತ್ತಿರ ಒಂದೇ ಬಗೆಯ ವಸ್ತು ಬೇರೆಬೇರೆ ಲೆಕ್ಕದಲ್ಲಿದೆ, ಜೊತೆಗೆ ಒಂದಿಷ್ಟು ಹಣ, ಒಟ್ಟು ಬೆಲೆ ಇಬ್ಬರದೂ ಸಮ. ನಮ್ಮ ಮಂಡಿಗೆ ಒಗ್ಗುವ ಹಾಗೆ ಕೇಳಿದೆ: ಒಬ್ಬರ ಹತ್ತಿರ 6 ಬಾಕ್ಸ್ ಟೊಮೆಟೊ, 100 ರೂಪಾಯಿ. ಇನ್ನೊಬ್ಬರ ಹತ್ತಿರ 4 ಬಾಕ್ಸ್, 700 ರೂಪಾಯಿ. ಹಣದ ವ್ಯತ್ಯಾಸ 600, ಬಾಕ್ಸಿನ ವ್ಯತ್ಯಾಸ 2, ಹಾಗಾದರೆ ಬಾಕ್ಸಿಗೆ 300. ಎಕ್ಸ್ ಬರೆಯದೇ ಉತ್ತರ ಬಂತು! ಎರಡೂ ಕಡೆ ಎಕ್ಸ್ ಇರುವ ಲೆಕ್ಕಕ್ಕೆ ಇದಕ್ಕಿಂತ ಚುರುಕಾದದ್ದು ನಾನು ಕಂಡಿಲ್ಲ. ಆದರೆ ಮೈನಸ್ ಸಂಖ್ಯೆ ಬಂದರೆ ಚಿಕ್ಕ ಮಕ್ಕಳು ತಡವರಿಸುತ್ತಾರೆ.

ಇನ್ನು ಇಷ್ಟಕರ್ಮ, ಅಂದರೆ ಒಂದು ಸಂಖ್ಯೆ ಊಹಿಸಿಕೊಂಡು ಆಮೇಲೆ ಅದನ್ನು ಸರಿಪಡಿಸೋ ದಾರಿ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿದೆ, ಈಜಿಪ್ಟಿನವರಿಗೆ ಅದಕ್ಕೂ ಎಷ್ಟೋ ಮೊದಲೇ ಗೊತ್ತಿತ್ತು. ಒಂದು ಸಂಖ್ಯೆಗೆ ಅದರ ಕಾಲು ಭಾಗ ಸೇರಿಸಿದರೆ 15. ಸುಮ್ನೆ 4 ಅಂದುಕೊಳ್ಳಿ, 5 ಬರುತ್ತೆ. ನಮಗೆ ಬೇಕಾದ್ದು ಅದರ ಮೂರರಷ್ಟು, ಹಾಗಾಗಿ 12. ಬಾಯಿಲೆಕ್ಕಕ್ಕೆ ಸೊಗಸಾಗಿದೆ. ಆದರೆ ಜೊತೆಗೆ ಇನ್ನೊಂದು 3 ಸೇರಿಸಿ ಒಟ್ಟು 18 ಅಂದರೆ ಇದೇ ಊಹೆ 9 ಅಂತ ತಪ್ಪು ಉತ್ತರ ಕೊಡುತ್ತೆ. ಅಂಥ ಕಡೆ ಮೊದಲು ಎರಡೂ ಕಡೆ 3 ಕಳೆದುಬಿಡಿ, ಆಮೇಲೆ 4 ಅಂದುಕೊಂಡು ಶುರುಮಾಡಿ.